ಫೋನ್ ನಮ್ದು, ಅದ್ರಲ್ಲಿ ಯಾವ ಆಪ್ ಇರ್ಬೇಕು ಅಂತ ಹೇಳೋರು ಯಾರು?

ದುಡ್ಡು ಕೊಟ್ಟು ಫೋನ್ ತಗೊಂಡೋರೇ ಹೇಳ್ಬೇಕು. ಕಂಪನಿ ಎಚ್ಚರಿಕೆ ಕೊಡ್ಲಿ, ಬೀಗ ಹಾಕೋದು ಬೇಡ.

ತೀರ್ಥಹಳ್ಳಿ ಕಡೆ ಹುಡ್ಗ ಒಬ್ಬ ಅಡಿಕೇಲಿ ರಾಶಿ, ಬೆಟ್ಟೆ, ಗೊರಬಲು ಅಂತ ಬಗೆಗಳಿರ್ತಾವಲ್ಲ, ಅವುಗಳ ರೇಟ್ ತೋರ್ಸೋ ಆಪ್ ಮಾಡ್ದ ಅಂತಿಟ್ಕೊಳಿ. ಆಂಡ್ರಾಯ್ಡಲ್ಲಿ ಪ್ಲೇ ಸ್ಟೋರ್ ಬೇಡ ಅಂದ್ರೂ ಎಪಿಕೆ ಫೈಲ್ (ಆಪ್ ನೇರ ಹಾಕ್ಕೊಳೋ ಫೈಲ್) ಕಳ್ಸಿ ಊರೋರ ಫೋನಿಗೆ ಹಾಕ್ಕೊಡ್ಬೋದು, ಆದ್ರೆ ಐಫೋನಲ್ಲಿ ಆಪ್ ಸ್ಟೋರ್ ಒಪ್ಲಿಲ್ಲ ಅಂದ್ರೆ ನಮ್ಮಲ್ಲಿ ಹೆಚ್ಚುಕಮ್ಮಿ ಮುಗೀತು ಕಥೆ. ಅದೇ ಯುರೋಪಲ್ಲಿ ಡಿಜಿಟಲ್ ಮಾರ್ಕೆಟ್ಸ್ ಆಕ್ಟ್ ಅಂತ ಕಾನೂನು ತಂದು, 2024ರ ಮಾರ್ಚಿಂದ ಆಪಲ್ ಬೇರೆಯವ್ರ ಸ್ಟೋರ್‌ಗೂ ಜಾಗ ಬಿಡೋ ಹಂಗೆ ಮಾಡಿದಾರೆ. ಮಾರುಕಟ್ಟೇಲಿ ದೊಡ್ಡ ಕಂಪನಿಗಳ ದಬ್ಬಾಳಿಕೆ ತಡೆಯೋ ನಮ್ ಸ್ಪರ್ಧಾ ಆಯೋಗನೂ ಸುಮ್ನೆ ಕೂತಿಲ್ಲ, 2022ರ ಅಕ್ಟೋಬರಲ್ಲಿ ಆಂಡ್ರಾಯ್ಡ್ ವಿಚಾರಕ್ಕೆ ಗೂಗಲ್‌ಗೆ 1,337 ಕೋಟಿ ದಂಡ ಹಾಕ್ತು.

ಹಂಗಂತ ಸರ್ಕಾರದ ಕೈಗೇ ಪೂರ್ತಿ ಕೊಡೋಕೂ ನಂಗೆ ಧೈರ್ಯ ಇಲ್ಲ. 2020ರ ಜೂನಲ್ಲಿ ಆನ್‌ಲೈನಲ್ಲಿ ಇರೋದನ್ನ ತಡೆಯೋಕೆ ಸರ್ಕಾರಕ್ಕೆ ಅಧಿಕಾರ ಕೊಡೋ ಐಟಿ ಕಾಯ್ದೆ 69ಎ ಸೆಕ್ಷನ್ ಹಿಡ್ಕೊಂಡು ಟಿಕ್‌ಟಾಕ್ ಸೇರಿ 59 ಆಪ್ ಒಂದೇ ಏಟಿಗೆ ಬಂದ್ ಮಾಡಿದ್ರಲ್ಲ, ಕಾರಣ ಸರಿ ಇರ್ಬೋದು, ಆದ್ರೆ ಬಳಸೋರನ್ನ ಯಾರೂ ಕೇಳ್ಲಿಲ್ಲ.

ಇನ್ನು ಮದ್ವೆ ಕರೆಯೋಲೆ ಅಂತ ವಾಟ್ಸಾಪಲ್ಲಿ ಎಪಿಕೆ ಬಂದು, ಒತ್ತಿದ್ರೆ ಬ್ಯಾಂಕ್ ಖಾತೆ ಖಾಲಿ ಆಗೋ ಮೋಸ ನಿಜಾನೇ, ಸ್ಟೋರ್‌ನೋರು ಚೆಕ್ ಮಾಡೋದ್ರಿಂದ ಅಷ್ಟರ ಮಟ್ಟಿಗೆ ಉಪ್ಕಾರ ಇದೆ. ಅದಕ್ಕೇ ಅಪ್ಪನ ಫೋನಲ್ಲಿ ಹೊರಗಿನ ಆಪ್ ಹಾಕೋ ಸೆಟ್ಟಿಂಗ್ ಆಫ್ ಮಾಡಿಟ್ಟಿದೀನಿ. ನನ್ದ್ರಲ್ಲಿ ಆನ್ ಇದೆ.