ಕಾರು ತಾಗಿ ಆರು ದಿನವಾದ ಮೇಲೆ ಕುತ್ತಿಗೆ ನೋವೆಂದು ಹಣ ಕೇಳಿದರೆ ಏನು ಮಾಡಬೇಕು?

ಕಲಬುರಗಿಯ ಜೇವರ್ಗಿ ರಸ್ತೆಯ ಸಿಗ್ನಲ್‌ನಲ್ಲಿ ತಮ್ಮ ಕಾರು ಮುಂದಿನ ಕಾರಿನ ಬಂಪರಿಗೆ ಮೆಲ್ಲಗೆ ತಾಗಿತು, ಇಬ್ಬರೂ ಇಳಿದು ನೋಡಿದಾಗ ಗೀರು ಸಹ ಕಾಣಲಿಲ್ಲ, ಅವರು ಏನೂ ಅನ್ನದೆ ಹೊರಟುಹೋದರು. ಈಗ ಆರು ದಿನ ಕಳೆದ ಮೇಲೆ ಕುತ್ತಿಗೆಗೆ ಬೆಲ್ಟ್ ಹಾಕಿಕೊಂಡ ಫೋಟೊ ಕಳಿಸಿ 60,000 ರೂಪಾಯಿ ಕೇಳುತ್ತಿದ್ದಾರೆ, ಕೊಡದಿದ್ದರೆ ಪೊಲೀಸ್ ಕೇಸ್ ಮಾಡುತ್ತೇವೆ ಎನ್ನುತ್ತಿದ್ದಾರೆ ಎಂದು ಬರೆದಿದ್ದೀರಿ. ಆ ನೋವು ಸುಳ್ಳೆಂದು ಸಾಬೀತು ಮಾಡುವುದು ಹೇಗೆ ಎಂಬುದು ತಮ್ಮ ಪ್ರಶ್ನೆ. ನಾನು ವಕೀಲನೂ ಅಲ್ಲ, ವೈದ್ಯನೂ ಅಲ್ಲ. ಇದೇ ಊರಿನಲ್ಲಿ ಇಂಥದ್ದೇ ಪ್ರಕರಣವೊಂದನ್ನು ಎರಡು ವರ್ಷ ಅನುಭವಿಸಿದವನು. ಅದರ ಬಲದ ಮೇಲೆ ಹೇಳುತ್ತೇನೆ: ನೋವು ಸುಳ್ಳೆಂದು ಸಾಬೀತು ಮಾಡುವ ಕೆಲಸಕ್ಕೆ ತಾವು ಕೈ ಹಾಕಲೇಬೇಡಿ. ಆ ದಿನ ಏನು ನಡೆಯಿತು ಎಂಬುದನ್ನು ಮಾತ್ರ ಗಟ್ಟಿಯಾಗಿ ದಾಖಲಿಸಿ, ಇನ್ನೊಬ್ಬರ ದೇಹದೊಳಗೆ ಏನಾಗಿದೆ ಎಂಬುದನ್ನು ಪರೀಕ್ಷಿಸುವ ಅಧಿಕಾರ ಇರುವವರ ಕೈಗೆ ವಿಷಯವನ್ನು ಒಪ್ಪಿಸಿ.

ನನ್ನ ಕಥೆ 2023ರ ಬೇಸಿಗೆಯದು. ಸರ್ದಾರ್ ವಲ್ಲಭಭಾಯ್ ಪಟೇಲ್ ವೃತ್ತದಲ್ಲಿ ಹಸಿರು ದೀಪ ಬಿದ್ದು ಮುಂದಿನ ಕಾರು ಸ್ವಲ್ಪ ಚಲಿಸಿ ತಟ್ಟನೆ ನಿಂತಾಗ, ನನ್ನ ಗಾಡಿ ಅದರ ಹಿಂಭಾಗಕ್ಕೆ ತಾಗಿತು. ನಡು ವಯಸ್ಸಿನ ಚಾಲಕರು ಇಳಿದು ಬಂಪರ್ ನೋಡಿ, "ಏನ್ ಆಗಿಲ್ಲ ಬಿಡ್ರಿ ಸರ್, ಹೋಗ್ರಿ" ಎಂದು ನಗುತ್ತಲೇ ಹೇಳಿದರು. ಆ ಕಾರಿನಲ್ಲಿ ಅವರನ್ನು ಬಿಟ್ಟರೆ ಒಬ್ಬ ಹೆಣ್ಣುಮಗಳು ಇದ್ದರು. ಏನೋ ಹೊಳೆದು ನಾನು ನಾಲ್ಕು ಫೋಟೊ ತೆಗೆದುಕೊಂಡಿದ್ದೆ. ಅವುಗಳಲ್ಲಿ ಒಂದರಲ್ಲಿ ಹಿಂದಿನ ಸೀಟು ಖಾಲಿ ಇರುವುದು ಗಾಜಿನ ಮೂಲಕ ಸ್ಪಷ್ಟವಾಗಿ ಕಾಣುತ್ತಿತ್ತು. ಒಂಬತ್ತನೆಯ ದಿನ ಫೋನ್ ಬಂತು. ಮಾತನಾಡಿದವರು ಚಾಲಕರಲ್ಲ, ಅವರ ಅಳಿಯ ಎಂದು ಹೇಳಿಕೊಂಡ ಯುವಕ. ಮಾವನಿಗೂ ತನಗೂ ಕುತ್ತಿಗೆ ಉಳುಕಿದೆ, ತಾನು ಹಿಂದಿನ ಸೀಟಿನಲ್ಲಿದ್ದೆ ಎಂದರು. ಮರುದಿನ ಮತ್ತೊಬ್ಬರು ಮಧ್ಯಸ್ಥಿಕೆಗೆ ಬಂದು, "ಕೇಸ್ ಆದ್ರ ನಿಮಗೇ ತ್ರಾಸ ಆಗ್ತದ್ರಿ, ಇಲ್ಲೇ ಮುಗಿಸಿಬಿಡೋಣ" ಎಂದು 80,000 ರೂಪಾಯಿ ಹೇಳಿದರು. ನನಗೆ ಸಿಟ್ಟು ಬಂತು. ಚಾಲಕರಿಗೇ ನೇರವಾಗಿ ಫೋನ್ ಮಾಡಿ, "ನಾಟಕ ಮಾಡಬ್ಯಾಡ್ರಿ" ಎಂದುಬಿಟ್ಟೆ. ಆ ಮಾತಿಗೆ ಮುಂದೆ ಬರುತ್ತೇನೆ.

ಮೊದಲು ವೈದ್ಯಕೀಯ ಸಂಗತಿ ಹೇಳಬೇಕು, ಏಕೆಂದರೆ ಅನುಮಾನ ಹುಟ್ಟುವುದೂ ಅನ್ಯಾಯ ನಡೆಯುವುದೂ ಇಲ್ಲಿಯೇ. ಹಿಂದಿನಿಂದ ಗುದ್ದು ಬಿದ್ದಾಗ ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಮಾತ್ರ ಕ್ಷಣಕಾಲ ಇದ್ದಲ್ಲಿಯೇ ಉಳಿದು ಆಮೇಲೆ ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಕುತ್ತಿಗೆಯ ಸ್ನಾಯು ಮತ್ತು ಅಸ್ಥಿರಜ್ಜುಗಳಿಗೆ ಹೀಗೆ ಆಗುವ ಪೆಟ್ಟಿಗೆ ವಿಪ್‌ಲ್ಯಾಶ್ ಎನ್ನುತ್ತಾರೆ. ನೋವು ಆ ಕ್ಷಣವೇ ಕಾಣಿಸಬೇಕೆಂದಿಲ್ಲ. ಒಂದೆರಡು ದಿನ ತಡವಾಗಿ ಶುರುವಾಗುವುದು ಸಾಮಾನ್ಯ. ಸ್ನಾಯುವಿನ ಪೆಟ್ಟು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆದ್ದರಿಂದ "ಆ ದಿನ ನಗ್ತಾ ನಿಂತಿದ್ರು" ಎಂಬುದಾಗಲಿ "ಎಕ್ಸ್‌ರೇ ಸರಿಯಾಗಿದೆ" ಎಂಬುದಾಗಲಿ ಸುಳ್ಳಿಗೆ ಪುರಾವೆಯಲ್ಲ. ಬಂಪರ್ ಮೇಲೆ ಗೀರಿಲ್ಲ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಬಂಪರ್ ಒಳಕ್ಕೆ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರಬಲ್ಲದು. ಅದೇ ರೀತಿ, ಕುತ್ತಿಗೆಯ ಸಹಜ ಬಾಗು ನೇರವಾಗಿದೆ ಎಂದು ಎಕ್ಸ್‌ರೇ ವರದಿಯಲ್ಲಿ ಬರೆದಿದ್ದರೆ ಅದು ಪೆಟ್ಟಿಗೂ ಪುರಾವೆಯಲ್ಲ, ಏಕೆಂದರೆ ಯಾವ ಅಪಘಾತವನ್ನೂ ಕಾಣದವರ ಎಕ್ಸ್‌ರೇಯಲ್ಲಿಯೂ ಅದು ಕಾಣಿಸುತ್ತದೆ.

ಕೆನಡಾದ ಕ್ವಿಬೆಕ್ ಕಾರ್ಯಪಡೆ 1995ರಲ್ಲಿ ಮಾಡಿದ ವರ್ಗೀಕರಣವನ್ನು ವೈದ್ಯರು ಇಂದಿಗೂ ಬಳಸುತ್ತಾರೆ. ಅದರ ಮೊದಲ ದರ್ಜೆಯಲ್ಲಿ ನೋವು, ಬಿಗಿತ ಎಂಬ ದೂರು ಮಾತ್ರ ಇರುತ್ತದೆ. ಎರಡನೆಯದರಲ್ಲಿ ಕುತ್ತಿಗೆಯ ಚಲನೆ ಕುಗ್ಗಿರುವುದು, ಒತ್ತಿದಲ್ಲಿ ನೋಯುವುದು ಮುಂತಾದ ಲಕ್ಷಣಗಳು ಪರೀಕ್ಷೆಯಲ್ಲಿ ಸಿಗುತ್ತವೆ. ಮೂರನೆಯದರಲ್ಲಿ ನರದ ತೊಂದರೆ, ನಾಲ್ಕನೆಯದರಲ್ಲಿ ಮೂಳೆ ಮುರಿತ ಅಥವಾ ಸ್ಥಾನಪಲ್ಲಟ. ವಿವಾದವೆಲ್ಲ ಹುಟ್ಟುವುದು ಮೊದಲ ಎರಡು ದರ್ಜೆಗಳಲ್ಲಿ. ಹೀಗಾಗಿ ತಮಗೆ ಕಳಿಸಿದ ಬೆಲ್ಟಿನ ಫೋಟೊದಿಂದ ಏನೂ ತಿಳಿಯುವುದಿಲ್ಲ. ಬೆಲ್ಟನ್ನು ಯಾವ ಅಂಗಡಿಯಲ್ಲಾದರೂ ಕೊಳ್ಳಬಹುದು, ಅಲ್ಲದೆ ಇಂಥ ಸಾಮಾನ್ಯ ಉಳುಕಿಗೆ ಬಹಳ ದಿನ ಬೆಲ್ಟ್ ಹಾಕಿಕೊಳ್ಳುವುದಕ್ಕಿಂತ ಕುತ್ತಿಗೆಯನ್ನು ಮೆಲ್ಲಗೆ ಆಡಿಸುತ್ತಿರಬೇಕು ಎಂಬುದೇ ಇಂದಿನ ವೈದ್ಯಕೀಯ ಸಲಹೆ. ಏನಾದರೂ ತಿಳಿಯುವುದಿದ್ದರೆ ಅದು ಮೊದಲ ಓಪಿಡಿ ಚೀಟಿಯಿಂದ: ಅದರ ತಾರೀಖು ಯಾವುದು, ವೈದ್ಯರು ಕುತ್ತಿಗೆ ತಿರುಗಿಸಿ ನೋಡಿ ಏನು ಬರೆದಿದ್ದಾರೆ, ಅಪಘಾತವೆಂದು ಹೇಳಿದ್ದಕ್ಕೆ ಎಂಎಲ್‌ಸಿ ರಿಜಿಸ್ಟರಿನಲ್ಲಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳನ್ನು ಆಸ್ಪತ್ರೆ ಬರೆದಿಡುವ ಪುಸ್ತಕ) ನಮೂದಾಗಿದೆಯೇ ಎಂಬುದನ್ನು ನೋಡಬೇಕು.

ಇನ್ನು ತಾವು ಮಾಡಬೇಕಾದದ್ದು. ಮೋಟಾರು ವಾಹನಗಳ ಕಾಯ್ದೆ, 1988ರ 134ನೆಯ ಕಲಮಿನ ಪ್ರಕಾರ, ಅಪಘಾತದಲ್ಲಿ ಯಾರಿಗಾದರೂ ಪೆಟ್ಟಾದರೆ ಚಾಲಕನು ಚಿಕಿತ್ಸೆಗೆ ನೆರವಾಗಬೇಕು, ತಡವಾದರೂ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ವಿಮಾ ಕಂಪನಿಗೆ ಲಿಖಿತವಾಗಿ ವಿವರ ಕೊಡಬೇಕು. ಆ ದಿನ ಯಾರಿಗೂ ಪೆಟ್ಟಾದಂತೆ ತೋರಲಿಲ್ಲ, ಆದ್ದರಿಂದ ತಾವು ತಿಳಿಸಲಿಲ್ಲ. ಪೆಟ್ಟಾಗಿದೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಸುಮ್ಮನೆ ಕೂರುವುದು ಸರಿಯಲ್ಲ. ನಾಳೆಯೇ ಸಂಚಾರ ಠಾಣೆಗೆ ಹೋಗಿ ಲಿಖಿತ ಮಾಹಿತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿಯನ್ನು ಪಾಲಿಸಿ ಸಂಖ್ಯೆಯ ಸಮೇತ ವಿಮಾ ಕಂಪನಿಗೆ ಇಮೇಲ್ ಮಾಡಿ, ಅಂಚೆಯಲ್ಲಿಯೂ ಕಳಿಸಿ. ಠಾಣೆಗೆ ಹೋದರೆ ತಾನಾಗಿಯೇ ಕೇಸ್ ಮೈಮೇಲೆ ಎಳೆದುಕೊಂಡಂತೆ ಎಂದು ನಮ್ಮ ಕಡೆ ಬಹಳ ಜನ ಹೆದರುತ್ತಾರೆ. ಆ ಹೆದರಿಕೆಯನ್ನೇ ಮಧ್ಯಸ್ಥರು ಬಂಡವಾಳ ಮಾಡಿಕೊಳ್ಳುವುದು. ಮುಂದಿನ ಕಾರಿನವರ ದೂರು ತಡವಾಗಿ ಬಂದರೆ ತಡವೊಂದೇ ಕಾರಣಕ್ಕೆ ಅದು ಬಿದ್ದುಹೋಗುತ್ತದೆ ಎಂದೂ ನಂಬಬೇಡಿ. ಎಫ್‌ಐಆರ್ ತಡವಾದ ಮಾತ್ರಕ್ಕೆ ಪರಿಹಾರದ ಅರ್ಜಿಯನ್ನು ತಳ್ಳಿಹಾಕಬಾರದೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ. ಹಾಗಾಗಿ ಅವರ ತಡವನ್ನು ನೆಚ್ಚಿ ಕೂರುವುದಕ್ಕಿಂತ ತಮ್ಮ ಕಡೆಯ ದಾಖಲೆಯನ್ನು ಬೇಗ ಕೊಡುವುದು ಕ್ಷೇಮ.

ಹಣ ಕೊಡಬೇಡಿ ಎಂದು ನಾನು ಹೇಳುವುದು ಜಿಪುಣತನದಿಂದಲ್ಲ. ನಮ್ಮ ವಾಹನ ಪಾಲಿಸಿಗಳಲ್ಲಿ ಒಂದು ಷರತ್ತಿರುತ್ತದೆ: ಕಂಪನಿಯ ಲಿಖಿತ ಒಪ್ಪಿಗೆಯಿಲ್ಲದೆ ಪಾಲಿಸಿ ಪಡೆದವನು ತಪ್ಪೊಪ್ಪಿಗೆ, ಭರವಸೆ, ಪಾವತಿ ಯಾವುದನ್ನೂ ಮಾಡಕೂಡದು. "ನಂದೇ ತಪ್ಪು, ಆಸ್ಪತ್ರೆ ಖರ್ಚು ನಾನೇ ನೋಡ್ಕೋತೀನಿ" ಎಂದು ತಾವು ಒಳ್ಳೆಯ ಮನಸ್ಸಿನಿಂದ ಕಳಿಸಿದ ಒಂದು ವಾಟ್ಸ್‌ಆ್ಯಪ್ ಸಂದೇಶ ಆ ಷರತ್ತನ್ನು ಮುರಿದಂತಾಗುತ್ತದೆ. ಬಾಂಡ್ ಪೇಪರಿನ ಮೇಲೆ ರಾಜಿಪತ್ರ ಬರೆಸಿಕೊಂಡು ಹಣ ಕೊಟ್ಟರೂ, ಮುಂದೆ ಅವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕುವುದನ್ನು ಆ ಕಾಗದ ತಾನಾಗಿ ತಡೆಯುವುದಿಲ್ಲ. ನಿಜವಾದ ರಾಜಿ ಬೇಕೆಂದಿದ್ದರೆ ಲೋಕ ಅದಾಲತ್ ಇದೆ. ಅಲ್ಲಿ ಆದ ಇತ್ಯರ್ಥಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ, ಅಂದರೆ ಆದೇಶದ, ಬಲವಿರುತ್ತದೆ, ಹಣವನ್ನು ಕೊಡುವುದೂ ವಿಮಾ ಕಂಪನಿಯೇ. ಥರ್ಡ್ ಪಾರ್ಟಿ ವಿಮೆಯನ್ನು 146ನೆಯ ಕಲಮು ಕಡ್ಡಾಯ ಮಾಡಿರುವುದು ಇಂಥ ಸಂದರ್ಭಕ್ಕಾಗಿಯೇ. ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮು ಮಾಡದ ವರ್ಷಕ್ಕೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆಂಬ ಚಿಂತೆಯೂ ಬೇಡ, ಅದು ಪಾಲಿಸಿಯಲ್ಲಿ ಸ್ವಂತ ಕಾರಿನ ಹಾನಿಯ ಭಾಗಕ್ಕೆ ಸೇರಿದ್ದು. ಒಂದು ವೇಳೆ ತಮ್ಮ ವಿಮೆ ಅಂದು ಚಾಲ್ತಿಯಲ್ಲಿ ಇರದಿದ್ದರೆ ಮಾತು ಬೇರೆ. ಆಗ ಹೊಣೆ ತಮ್ಮ ತಲೆಗೇ ಬರುವುದರಿಂದ ಇಂದೇ ವಕೀಲರನ್ನು ಕಾಣಿರಿ.

ಸಾಕ್ಷ್ಯದ ವಿಷಯದಲ್ಲಿ ತಮಗೆ ಉಳಿದಿರುವ ಸಮಯ ಕಡಿಮೆ. ಅಂಗಡಿಗಳ ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಅಚ್ಚಾಗುತ್ತಾ ಹೋಗುತ್ತದೆ, ಆದ್ದರಿಂದ ಆ ಸಿಗ್ನಲ್‌ನ ಎದುರಿನ ಅಂಗಡಿಯವರನ್ನು ಇವತ್ತೇ ವಿನಯದಿಂದ ಕೇಳಿ, ಪೊಲೀಸರಿಗೆ ಕೊಡುವ ಪತ್ರದಲ್ಲಿಯೂ ಆ ಕ್ಯಾಮೆರಾಗಳ ಉಲ್ಲೇಖ ಮಾಡಿ. ತಾವು ತೆಗೆದ ಫೋಟೊಗಳು ಫೋನಿನಲ್ಲಿ ಮೂಲರೂಪದಲ್ಲಿಯೇ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯವಾಗಿ ಕಳಿಸಿದ ಚಿತ್ರದಿಂದ ತಾರೀಖು, ಸಮಯಗಳ ಒಳವಿವರ ಹೊರಟುಹೋಗುತ್ತದೆ. ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಕಾರಿನಲ್ಲಿ ಎಷ್ಟು ಜನರಿದ್ದರು, ಯಾರು ಯಾವ ಸೀಟಿನಲ್ಲಿದ್ದರು, ಯಾರು ಏನೆಂದರು ಎಂಬುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡಿ. ಸಂಶಯದ ಪ್ರಕರಣಗಳಲ್ಲಿ ನೋವಿನ ಬಗೆಗಿನ ವಾದ ಎಂದೂ ಮುಗಿಯುವುದಿಲ್ಲ; ಕಾರಿನಲ್ಲಿ ಯಾರಿದ್ದರು ಎಂಬ ವಾದ ಒಂದು ಫೋಟೊಕ್ಕೆ ಮುಗಿಯುತ್ತದೆ.

ಈ ಸಮಸ್ಯೆ ನಮ್ಮ ಊರಿನದಷ್ಟೇ ಅಲ್ಲ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯವು 1995ರಲ್ಲಿ ನೋವಿಗಾಗಿ ಮೊಕದ್ದಮೆ ಹೂಡಿ ಹಣ ಪಡೆಯುವ ಪದ್ಧತಿಯನ್ನು ಬಿಟ್ಟು, ತಪ್ಪು ಯಾರದೆಂದು ಕೇಳದೆ ಚಿಕಿತ್ಸೆ ಮತ್ತು ಗಳಿಕೆಯ ನಷ್ಟ ಭರಿಸುವ ಪದ್ಧತಿಗೆ ಹೋದಾಗ, ವಿಪ್‌ಲ್ಯಾಶ್ ಕ್ಲೇಮುಗಳ ಪ್ರಮಾಣ ಸುಮಾರು ಶೇ. 28ರಷ್ಟು ಇಳಿಯಿತು, ಪ್ರಕರಣಗಳು ಬೇಗ ಮುಗಿದವು. ಇದನ್ನು ಓದಿ ಹಾಗೆ ಕಡಿಮೆಯಾದ ಕ್ಲೇಮಿನವರೆಲ್ಲ ಸುಳ್ಳುಗಾರರೆಂದು ತೀರ್ಮಾನಿಸುವವರನ್ನು ನಾನು ಒಪ್ಪುವುದಿಲ್ಲ. ವ್ಯಾಜ್ಯ ಎಳೆದಷ್ಟೂ ನೋವು ಕೂಡ ಮನುಷ್ಯನನ್ನು ಬಿಡದೆ ಹಿಡಿದುಕೊಳ್ಳುತ್ತದೆ ಎಂದೂ ಅದನ್ನು ಓದಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2021ರ ಮೇ 31ರಿಂದ ಇಂಥ ಪೆಟ್ಟಿಗೆ ನಿಗದಿತ ದರಪಟ್ಟಿ ಬಂತು. ಮೂರು ತಿಂಗಳೊಳಗೆ ವಾಸಿಯಾಗುವ ನೋವಿಗೆ ಆಗ ನಿಗದಿಯಾದದ್ದು 240 ಪೌಂಡ್. ಅದಕ್ಕಿಂತ ನನಗೆ ಮುಖ್ಯವೆನಿಸಿದ್ದು, ವೈದ್ಯಕೀಯ ವರದಿಯಿಲ್ಲದೆ ವಿಮಾ ಕಂಪನಿಗಳೂ ವಕೀಲರೂ ಇಂಥ ಕ್ಲೇಮನ್ನು ರಾಜಿಯಲ್ಲಿ ಮುಗಿಸಕೂಡದು ಎಂಬ ಅಲ್ಲಿಯ ನಿಷೇಧ. ಇಲ್ಲಿ ಅಂಥ ನಿಯಮವಿಲ್ಲದಿದ್ದರೂ ತಾವು ಅದನ್ನು ತಮಗೆ ತಾವೇ ಹಾಕಿಕೊಳ್ಳಬಹುದು.

ಈಗ ನನ್ನ ಪ್ರಕರಣದ ಕೊನೆ. ಕಾಯ್ದೆಯ 166ನೆಯ ಕಲಮಿನಡಿ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಮಾವ, ಅಳಿಯ ಇಬ್ಬರೂ ಗಡುವಿನೊಳಗೆ ಹಾಕಿದರು. ನೋಟಿಸು ಬಂದಾಗ ನಾನು ಹಾಜರಾದೆ. ಮಾಲೀಕ ಹಾಜರಾಗದೆ ಉಳಿದರೆ 170ನೆಯ ಕಲಮಿನಡಿ ಅನುಮತಿ ಪಡೆದು ವಿಮಾ ಕಂಪನಿಯೇ ಎಲ್ಲ ವಾದಗಳನ್ನು ಎತ್ತಬಹುದು ನಿಜ, ಆದರೆ ಕಾರಿನಲ್ಲಿ ಯಾರಿದ್ದರೆಂದು ಕಣ್ಣಾರೆ ಕಂಡು ಹೇಳಬಲ್ಲವನು ನಾನೊಬ್ಬನೇ ಆಗಿದ್ದೆ. ಖಾಲಿ ಸೀಟಿನ ಫೋಟೊ ದಾಖಲಾದ ಮೇಲೆ ಅಳಿಯನ ಅರ್ಜಿ ವಾಪಸಾಯಿತು.

ಆದರೆ ಮಾವನ ಕಡತದಲ್ಲಿ ಒಂದು ಓಪಿಡಿ ಚೀಟಿ ಇತ್ತು. ಅದು ಅಪಘಾತದ ಮರುದಿನ ಬೆಳಗಿನದು, ಯಾವ ಮಧ್ಯಸ್ಥರೂ ಕಾಲಿಡುವ ಮೊದಲಿನದು. ಕುತ್ತಿಗೆ ಬಲಕ್ಕೆ ಅರ್ಧವೂ ತಿರುಗುತ್ತಿಲ್ಲ, ಒತ್ತಿದರೆ ನೋವು ಎಂದು ವೈದ್ಯರು ಬರೆದಿದ್ದರು. ಆ ಮನುಷ್ಯ ನನ್ನ ಬಳಿ ಒಂದು ರೂಪಾಯಿಯನ್ನೂ ಕೇಳಿರಲಿಲ್ಲ, ಕೇಳಿದವರು ಬೇರೆಯವರು. ನನ್ನ "ನಾಟಕ ಮಾಡಬ್ಯಾಡ್ರಿ" ಎಂಬ ಮಾತು ಫೋನಿನಲ್ಲಿ ದಾಖಲಾಗಿತ್ತು. ಪಾಟೀಸವಾಲಿನಲ್ಲಿ ಅವರ ವಕೀಲರು, ಇದು ನೀವು ಆಡಿದ ಮಾತೇ ಎಂದು ಕೇಳಿದಾಗ ಹೌದೆಂದೆ. ಆ ಚಾಲಕರು ಎದುರಿಗೇ ಕೂತಿದ್ದರು. ಔಷಧದ ಖರ್ಚು, ಎರಡು ವಾರದ ಗಳಿಕೆ, ನೋವಿಗೆಂದು ಒಂದಿಷ್ಟು ಸೇರಿಸಿ ಅವರ ಪ್ರಕರಣ ಲೋಕ ಅದಾಲತ್‌ನಲ್ಲಿ ಮುಗಿಯಿತು. ಹೊರಗೆ ವರಾಂಡದಲ್ಲಿ ನಾನು ಕ್ಷಮೆ ಕೇಳಿದೆ; ಅವರು ತಲೆಯಾಡಿಸಿ ಹೊರಟುಹೋದರು.

ಆದ್ದರಿಂದ ನಾಳೆ ಕೊಡುವ ಪತ್ರದಲ್ಲಿ ಸುಳ್ಳು, ನಾಟಕ, ವಂಚನೆ ಎಂಬ ಪದಗಳು ಬೇಡ. ಘಟನೆಯ ದಿನ, ಸಮಯ, ಸ್ಥಳ, ಎರಡೂ ವಾಹನಗಳ ಸಂಖ್ಯೆ, ಕಾರಿನಲ್ಲಿ ಕಂಡವರ ಸಂಖ್ಯೆ, ಅಂದು ಯಾರೂ ನೋವು ಹೇಳಲಿಲ್ಲ ಎಂಬುದು, ಆರನೆಯ ದಿನ ಬಂದ ಬೇಡಿಕೆ ಮತ್ತು ಅದರ ಮೊತ್ತ, ಇಷ್ಟನ್ನು ಬರೆದು ಸಂದೇಶಗಳ ಪ್ರತಿ ಲಗತ್ತಿಸಿ. ಅವರಿಗೆ ಒಂದೇ ಒಂದು ಉತ್ತರ ಕಳಿಸಿ: "ತಮಗೆ ನೋವಿದ್ದರೆ ದಯವಿಟ್ಟು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ. ವಿಷಯವನ್ನು ಪೊಲೀಸ್ ಠಾಣೆಗೂ ನನ್ನ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿದ್ದೇನೆ, ಪಾಲಿಸಿ ವಿವರ ಇಲ್ಲಿದೆ." ಅದಾದ ಮೇಲೆ ಬರುವ ಫೋನುಗಳಿಗೆ ಇದೇ ಮಾತನ್ನು ಹೇಳಿ, ಬೇರೇನೂ ಸೇರಿಸಬೇಡಿ.