ನೆಂಟರ ನಾಟಕದಲ್ಲಿ ನಗು ನಿಂತದ್ದು ಎಲ್ಲಿ?

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ನಿನ್ನೆ ರಾತ್ರಿಯೇ ಓದಿದೆ. ಎರಡು ಸಾಲಲ್ಲಿ ಮುಗಿಯುವ ವಿಷಯ ಅಲ್ಲ ಅನ್ನಿಸಿತು. ಅದಕ್ಕೇ ಬೆಳಿಗ್ಗೆ ಪುರುಸೊತ್ತು ಮಾಡಿಕೊಂಡು ಬರೆಯುತ್ತಿದ್ದೇನೆ.

ನಾಟಕ ನೋಡದವರಿಗೆ ಮೊದಲು ಎರಡು ಮಾತು. ಬೆಂಗಳೂರಿನಲ್ಲಿ ಎರಡು ರೂಮಿನ ಬಾಡಿಗೆ ಮನೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಗಂಡನ ದೂರದ ಸಂಬಂಧದ ದೊಡ್ಡಪ್ಪ ಒಬ್ಬರು ಆಸ್ಪತ್ರೆಗೆ ತೋರಿಸಿಕೊಳ್ಳಬೇಕು ಅಂತ ಎರಡು ದಿನಕ್ಕೆ ಬರುತ್ತಾರೆ. ಎರಡು ತಿಂಗಳಾದರೂ ಹೊರಡುವುದಿಲ್ಲ. ತಂಡದವರೇ ಕೂತು ಬರೆದ ಹೊಸ ಹಾಸ್ಯ ನಾಟಕ, ಎರಡು ಪ್ರಯೋಗ ಆಗಿದೆ. ಆ ತಂಡದವರು ಇಲ್ಲಿ ಕೇಳಿದ್ದು ಇಷ್ಟು: ಮಧ್ಯಂತರದವರೆಗೆ ಜನ ಬಿದ್ದು ಬಿದ್ದು ನಕ್ಕರು, ಆಮೇಲೆ ತಣ್ಣಗಾದರು. ತಾಲ್ಲೂಕು ಊರಿನ ಪ್ರಯೋಗದಲ್ಲಿ ಒಬ್ಬ ಹಿರಿಯರು ಎದ್ದು ನಿಂತು, ನೆಂಟರನ್ನು ಹೀಗೆ ಆಡಿಕೊಳ್ಳಬಾರದು ಅಂತ ಬೇಜಾರು ಮಾಡಿಕೊಂಡರು. ಮೂರನೇ ಪ್ರಯೋಗಕ್ಕೆ ಹೆಂಡತಿಯ ಉದ್ದದ ಮಾತನ್ನು ಕತ್ತರಿಸಿ ಅಲ್ಲಿ ನಾಲ್ಕು ಜೋಕ್ ಹಾಕೋಣವಾ?

ದಯವಿಟ್ಟು ಹಾಕಬೇಡಿ. ಆ ಮಾತನ್ನು ಮುಟ್ಟಲೇಬೇಡಿ.

ಮೊದಲ ಪ್ರಯೋಗಕ್ಕೆ ನಾನು ಬಂದಿದ್ದೆ, ಆರನೇ ಸಾಲಿನಲ್ಲಿ ಕೂತಿದ್ದೆ. ಎರಡನೆಯದರ ವಿಡಿಯೊ ನೀವೇ ಇಲ್ಲಿ ಹಾಕಿದ್ದಿರಿ. ಅದನ್ನು ಪೂರ್ತಿ ಕೇಳಿದೆ. ನೋಡಿದೆ ಅನ್ನುವುದಕ್ಕಿಂತ ಕೇಳಿದೆ ಅನ್ನುವುದೇ ಸರಿ, ಯಾಕೆಂದರೆ ನನಗೆ ಬೇಕಿದ್ದದ್ದು ಸಭೆಯ ಸದ್ದು.

ಮೊದಲ ದಿನದ ಅತಿ ದೊಡ್ಡ ನಗು ಯಾವುದಕ್ಕೆ ಬಂತು ನೆನಪಿದೆಯಾ? ದೊಡ್ಡಪ್ಪನ ತಿಂಡಿಪೋತತನಕ್ಕೂ ಅಲ್ಲ, ಗೊರಕೆಗೂ ಅಲ್ಲ. ಕೊನೆಗೂ ಅವರು ಬ್ಯಾಗ್ ಹಿಡಿದು ಬಾಗಿಲಿಗೆ ಬರುತ್ತಾರೆ. ಹೆಂಡತಿ ಖುಷಿಯಿಂದ ಕುಂಕುಮದ ಬಟ್ಟಲು ತರಲು ಒಳಗೆ ಓಡುತ್ತಾಳೆ. ಗಂಡ ಸುಮ್ನೆ ಬಾಯಿಮಾತಿಗೆ, 'ಇಷ್ಟು ಬೇಗ ಹೊರಟ್ರಾ ದೊಡ್ಡಪ್ಪ? ಇನ್ನೆರಡು ದಿನ ಇದ್ದು ಹೋಗಬಹುದಿತ್ತು' ಅನ್ನುತ್ತಾನೆ. ದೊಡ್ಡಪ್ಪ ನಿಧಾನಕ್ಕೆ ಬ್ಯಾಗ್ ಕೆಳಗಿಡುತ್ತಾರೆ. ಆಗ ಎದ್ದ ನಗು ಹಾಲಿನ ಹಿಂದಿನ ಗೋಡೆಗೆ ಬಡಿದು ವಾಪಸ್ ಬಂತು. ನನ್ನ ಹಿಂದೆ ಕೂತಿದ್ದ ಒಬ್ಬ ಅಮ್ಮ 'ಅಯ್ಯೋ, ಇವನ ಬಾಯಿಗಿಷ್ಟು ಮಣ್ಣು ಹಾಕ' ಅಂದರು. ಬೈದದ್ದು ನೆಂಟನನ್ನಲ್ಲ, ಗಂಡನನ್ನು.

ನಿಮ್ಮ ನಾಟಕದ ಜೀವ ಅಲ್ಲಿದೆ. ಜನ ನಗುವುದು ಹೊರಡದ ನೆಂಟನನ್ನು ನೋಡಿ ಅಲ್ಲ. ಹೊರಡಿ ಅನ್ನಲಾರದ ಮನೆಯವರನ್ನು ನೋಡಿ. 'ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ' ಅಂತ ಗಾದೆ ಇದೆಯಲ್ಲ, ಆ ಎರಡರ ನಡುವೆ ಸಿಕ್ಕಿಕೊಂಡವನ ಒದ್ದಾಟ ಅದು. ನಮ್ಮ ಭಾಷೆಯಲ್ಲೇ ಈ ಒದ್ದಾಟ ಇದೆ. ಹೊರಡುವವರು 'ಹೋಗ್ತೀನಿ' ಅನ್ನುವುದಿಲ್ಲ, 'ಬರ್ತೀನಿ' ಅನ್ನುತ್ತಾರೆ. ಕಳಿಸುವವರು 'ಹೋಗಿ ಬನ್ನಿ' ಅನ್ನುತ್ತಾರೆ. ಹೊಸಿಲ ಮೇಲೆ ನಿಂತು 'ಹೋಗಿ' ಅಂತ ಒಂದೇ ಮಾತು ಹೇಳಿದರೆ ಜಗಳವೇ ಆದಂತೆ. ಸಭೆಯಲ್ಲಿ ಕೂತ ಪ್ರತಿಯೊಬ್ಬರೂ ಒಮ್ಮೆಯಾದರೂ ಮನಸ್ಸಿಲ್ಲದೆ 'ಇದ್ದು ಹೋಗಿ' ಅಂದಿರುತ್ತಾರೆ. ಅದಕ್ಕೇ ಆ ನಗು ಅಷ್ಟು ಜೋರಾಗಿ ಬಂತು.

ಈಗ ಮಧ್ಯಂತರದ ನಂತರ ಏನಾಯಿತು ನೋಡಿ. ಎರಡನೇ ದೃಶ್ಯದಲ್ಲೇ ದೊಡ್ಡಪ್ಪನ ಆಸ್ಪತ್ರೆ ರಿಪೋರ್ಟ್ ಸುಳ್ಳು ಅಂತ ಗೊತ್ತಾಗುತ್ತದೆ. ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೇ ಗೊತ್ತಾಗುತ್ತದೆ. ಆ ಕ್ಷಣಕ್ಕೆ ಅವರ ಒದ್ದಾಟ ಮುಗಿಯಿತು. ಮೋಸಗಾರನನ್ನು ಮನೆಯಿಂದ ಕಳಿಸಲು ಯಾರಿಗೆ ಸಂಕೋಚ? ಸಂಕೋಚ ಹೋದ ಕೂಡಲೇ ನಗುವೂ ಹೋಯಿತು. ಅಲ್ಲಿಂದ ಮುಂದಿನ ಹದಿನೈದು ನಿಮಿಷ ಕುರ್ಚಿ ಕಿರುಗುಟ್ಟಿದ್ದು, ಕೆಮ್ಮಿದ್ದು, ಎರಡು ಮೂರು ಕಡೆ ಮೊಬೈಲ್ ಬೆಳಕು ಹತ್ತಿದ್ದು ನಾನು ಕಣ್ಣಾರೆ ಕಂಡೆ. ನಿಮ್ಮ ನಟರು ಏನೂ ತಪ್ಪು ಮಾಡಲಿಲ್ಲ. ಕಥೆ ಅವರ ಕೈ ಬಿಟ್ಟಿತು.

ನೆಂಟ ಮೋಸಗಾರ ಆಗಬಾರದು ಅಂತ ನಾನು ಹೇಳುತ್ತಿಲ್ಲ. ಹದಿನೇಳನೇ ಶತಮಾನದ ಫ್ರೆಂಚ್ ನಾಟಕಕಾರ ಮೊಲಿಯೇರ್‌ನ 'ತಾರ್ತುಫ್' ನೋಡಿ. ಬೇಡದ ನೆಂಟನ ಬಗ್ಗೆ ಅದಕ್ಕಿಂತ ದೊಡ್ಡ ಹಾಸ್ಯ ನಾಟಕ ನನಗೆ ಗೊತ್ತಿಲ್ಲ. ಕನ್ನಡಕ್ಕೆ ಅದನ್ನು ಎ.ಎನ್. ಮೂರ್ತಿರಾಯರು 'ಆಷಾಢಭೂತಿ' ಅಂತ ತಂದರು. ಎಷ್ಟು ಸರಿಯಾದ ಹೆಸರು! ಪಂಚತಂತ್ರದ ಆಷಾಢಭೂತಿಯೂ ಹಾಗೇ, ಸನ್ಯಾಸಿಯ ಸೇವೆ ಮಾಡುತ್ತಾ ನಂಬಿಕೆ ಗಳಿಸಿ ಕೊನೆಗೆ ಹಣದ ಗಂಟು ಹೊತ್ತೊಯ್ದವನು. ತಾರ್ತುಫ್ ಭಕ್ತನ ವೇಷ ಹಾಕಿ ಒಬ್ಬ ಅನುಕೂಲಸ್ಥನ ಮನೆಯಲ್ಲಿ ಝಂಡಾ ಊರುತ್ತಾನೆ. ಮನೆಯಲ್ಲಿ ಬಹುಪಾಲು ಎಲ್ಲರಿಗೂ ಅವನ ಬಣ್ಣ ಗೊತ್ತು. ಗೊತ್ತಿಲ್ಲದಿರುವುದು ಯಜಮಾನ ಒರ್ಗೊನ್ ಮತ್ತು ಅವನ ತಾಯಿಗೆ ಮಾತ್ರ.

ಒರ್ಗೊನ್ ಊರಿಂದ ವಾಪಸ್ ಬರುವ ದೃಶ್ಯವನ್ನು ನಿಮ್ಮ ತಂಡ ಒಟ್ಟಿಗೆ ಕೂತು ಒಮ್ಮೆ ಓದಿ. ಅವನ ಹೆಂಡತಿಗೆ ಜ್ವರ ಬಂದಿತ್ತು ಅಂತ ಕೆಲಸದಾಕೆ ಹೇಳುತ್ತಾಳೆ. ಅವನು 'ಮತ್ತೆ ತಾರ್ತುಫ್?' ಅಂತ ಕೇಳುತ್ತಾನೆ. ತಾರ್ತುಫ್ ಎರಡು ಹಕ್ಕಿ, ಅರ್ಧ ಕುರಿತೊಡೆ ತಿಂದ ಅಂತ ಅವಳು ಹೇಳಿದರೆ ಒರ್ಗೊನ್ 'ಪಾಪ!' ಅನ್ನುತ್ತಾನೆ. ಹೀಗೆ ನಾಲ್ಕು ಸಲ. ಅಷ್ಟು ಹೊತ್ತೂ ತಾರ್ತುಫ್ ರಂಗದ ಮೇಲೆ ಬಂದೇ ಇಲ್ಲ! ಐದು ಅಂಕದ ನಾಟಕದಲ್ಲಿ ಅವನ ಎಂಟ್ರಿ ಮೂರನೇ ಅಂಕದಲ್ಲಿ. ಇನ್ನೊಂದು ವಿಷಯ. ಮೊಲಿಯೇರ್ ತನ್ನ ತಂಡದ ಮುಖ್ಯ ಹಾಸ್ಯನಟ. ಅವನು ತನಗೆ ಇಟ್ಟುಕೊಂಡದ್ದು ನೆಂಟನ ಪಾತ್ರ ಅಲ್ಲ, ಯಜಮಾನನ ಪಾತ್ರ. ನಗು ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು.

ಹಾಗಾಗಿ ನಿಮಗೆ ಎರಡು ದಾರಿ. ಸುಳ್ಳು ರಿಪೋರ್ಟಿನ ದೃಶ್ಯವನ್ನೇ ತೆಗೆದುಹಾಕಿ. ಇಲ್ಲ, ಅದು ಬೇಕೇ ಬೇಕು ಅಂದರೆ ಹೆಂಡತಿಗೆ ಮಾತ್ರ ಗೊತ್ತಾಗಲಿ. ಅವಳು ರಿಪೋರ್ಟ್ ಹಿಡಿದು ಹೇಳಿದರೂ ಗಂಡ ನಂಬದಿರಲಿ. 'ಪಾಪ, ಹಳ್ಳಿಯವರು, ಯಾರೋ ತಪ್ಪು ಪೇಪರ್ ಕೊಟ್ಟಿರಬೇಕು' ಅನ್ನಲಿ. ಆಗ ಒದ್ದಾಟ ಉಳಿಯುತ್ತದೆ, ನಗುವೂ ಉಳಿಯುತ್ತದೆ. ನನ್ನನ್ನು ಕೇಳಿದರೆ ಎರಡನೆಯ ದಾರಿ ಒಳ್ಳೆಯದು. ಮುಂದೆ ಬರುವ ಹೆಂಡತಿಯ ಮಾತಿಗೆ ಅದು ಬುನಾದಿ ಹಾಕುತ್ತದೆ.

ಇನ್ನು ಆ ಮಾತು. ಅಡುಗೆಮನೆ ಕಟ್ಟೆಗೆ ಒರಗಿ ಆಕೆ ಏಳು ನಿಮಿಷ ಮಾತಾಡುತ್ತಾರೆ. ಬೆಳಿಗ್ಗೆ ಐದಕ್ಕೆ ಏಳುವುದು, ಮೂರು ಡಬ್ಬಿ ಕಟ್ಟುವುದು, ಆಫೀಸಿಂದ ಬಂದು ಮತ್ತೆ ಸಾರಿಗೆ ಒಗ್ಗರಣೆ ಹಾಕುವುದು, ನೆಂಟರ ಮುಂದೆ ನಗುಮುಖ ಇಟ್ಟುಕೊಳ್ಳುವುದು. ಒಬ್ಬರೂ ನಗಲಿಲ್ಲ, ನಿಜ. ಆದರೆ ಒಬ್ಬರೂ ಕೆಮ್ಮಲೂ ಇಲ್ಲ. ಮೊಬೈಲ್ ಬೆಳಕು ಒಂದೂ ಇರಲಿಲ್ಲ. ವಿಡಿಯೊದಲ್ಲಿ ಆ ಭಾಗ ಕೇಳಿ, ಫ್ಯಾನಿನ ಸದ್ದು ಸಹ ಕೇಳಿಸುತ್ತದೆ. ರಿಪೋರ್ಟಿನ ದೃಶ್ಯದ ಮೌನ ಬೇಜಾರಿನ ಮೌನ. ಇದು ಉಸಿರು ಬಿಗಿಹಿಡಿದ ಮೌನ. ಎರಡನ್ನೂ 'ತಣ್ಣಗಾದರು' ಅಂತ ಒಂದೇ ಲೆಕ್ಕಕ್ಕೆ ಸೇರಿಸಬೇಡಿ. ನಾಟಕ ಮುಗಿದ ಮೇಲೆ ಎಷ್ಟು ಜನ ಹೆಂಗಸರು ಗ್ರೀನ್ ರೂಮಿಗೆ ಬಂದು ಆ ನಟಿಯ ಕೈ ಹಿಡಿದುಕೊಂಡರು, ಅದನ್ನು ನೀವೂ ನೋಡಿದ್ದೀರಿ. ನೆಂಟ ಬಂದಾಗ ಗಂಡಸಿಗೆ ಸಂಕೋಚ, ಹೆಂಗಸಿಗೆ ಕೆಲಸ. ಇದನ್ನು ಹಾಸ್ಯ ನಾಟಕದ ಒಳಗೆ ಇಷ್ಟು ನೇರವಾಗಿ ಹೇಳಿದ್ದೀರಿ. ಅಲ್ಲಿ ಜೋಕ್ ತುರುಕಿದರೆ ಆಕೆಗೂ ಮೋಸ, ಸಭೆಗೂ ಮೋಸ.

ಆ ಹಿರಿಯರ ವಿಷಯ ನನ್ನನ್ನು ಜಾಸ್ತಿ ಯೋಚನೆಗೆ ಹಚ್ಚಿತು. ನಾಟಕ ನೋಡಿ ಬೇಜಾರು ಮಾಡಿಕೊಳ್ಳುವವರು ಯಾವತ್ತೂ ಇದ್ದಾರೆ. 'ತಾರ್ತುಫ್' ಮೊದಲು ಆಡಿದ್ದು 1664ರ ಮೇ ತಿಂಗಳಲ್ಲಿ, ವರ್ಸೇಲ್ಸ್ ಅರಮನೆಯಲ್ಲಿ, ರಾಜನ ಎದುರಿಗೆ. ಧರ್ಮವನ್ನು ಆಡಿಕೊಂಡರು ಅಂತ ಗಲಾಟೆ ಎದ್ದು ಸಾರ್ವಜನಿಕ ಪ್ರದರ್ಶನ ನಿಂತಿತು. 1667ರಲ್ಲಿ ಪಾತ್ರದ ಹೆಸರು, ವೇಷ ಬದಲಿಸಿ ಮತ್ತೆ ಆಡಿದರು, ಒಂದೇ ಪ್ರಯೋಗಕ್ಕೆ ಮತ್ತೆ ನಿಷೇಧ. ಒಪ್ಪಿಗೆ ಸಿಕ್ಕಿದ್ದು 1669ರ ಫೆಬ್ರವರಿಯಲ್ಲಿ, ಆಗ ಜನ ಮುಗಿಬಿದ್ದು ನೋಡಿದರು. ಅಷ್ಟು ವರ್ಷ ಮೊಲಿಯೇರ್ ನಾಟಕವನ್ನು ತಿದ್ದಿದ, ಬೆಳೆಸಿದ, ಆದರೆ ಅದರ ಹಲ್ಲು ಕೀಳಲಿಲ್ಲ.

ಆದರೆ ನಿಮ್ಮ ಹಿರಿಯರದ್ದು ಅಂಥ ಸಿಟ್ಟು ಅಂತ ನನಗೆ ಅನ್ನಿಸುವುದಿಲ್ಲ. ವಿಡಿಯೊದಲ್ಲಿ ಅವರ ಮಾತು ಕೇಳಿದೆ. 'ವಯಸ್ಸಾದವರು ಎಲ್ಲಿಗೆ ಹೋಗಬೇಕಪ್ಪಾ?' ಅಂತ ಕೇಳಿದರು. ದನಿ ನಡುಗುತ್ತಿತ್ತು. ಎರಡು ತಿಂಗಳು ದೊಡ್ಡ ಮಗನ ಮನೆ, ಎರಡು ತಿಂಗಳು ಚಿಕ್ಕ ಮಗನ ಮನೆ ಅಂತ ಬ್ಯಾಗ್ ಹಿಡಿದು ಓಡಾಡುವ ಹಿರಿಯರು ನಮ್ಮ ಊರುಗಳಲ್ಲಿ ಎಷ್ಟೋ ಜನ. ಸಭೆಯಲ್ಲಿ ಅರ್ಧ ಜನ ಆ ಮನೆಯವರ ಜಾಗದಲ್ಲಿ ಕೂತಿದ್ದರೆ, ಇನ್ನರ್ಧ ದೊಡ್ಡಪ್ಪನ ಜಾಗದಲ್ಲಿ ಕೂತಿರುತ್ತಾರೆ. ಪೇಟೆಯ ಪ್ರಯೋಗದಲ್ಲಿ ಇದು ಗೊತ್ತಾಗಲಿಲ್ಲ, ಬಂದವರು ಹೆಚ್ಚಾಗಿ ನಿಮ್ಮ ವಯಸ್ಸಿನವರು.

ಇದಕ್ಕೆ ನೀವು ಹೊಸದಾಗಿ ಬರೆಯಬೇಕಾದದ್ದು ಏನೂ ಇಲ್ಲ. ಮೊದಲರ್ಧದಲ್ಲಿ ದೊಡ್ಡಪ್ಪ ಬೆಳಿಗ್ಗೆ ಎದ್ದು, ಯಾರಿಗೂ ಸದ್ದಾಗದ ಹಾಗೆ ಚಾಪೆ ಸುತ್ತಿ, ಹೊದಿಕೆ ಮಡಚಿ, ಲೋಟ ತೊಳೆದಿಡುವ ಒಂದು ತುಣುಕು ಇದೆ. ಮೊದಲ ದಿನ ಅದನ್ನು ನಿಧಾನಕ್ಕೆ ಮಾಡಿದರು, ಸಭೆ ಮೆತ್ತಗಾಯಿತು. ಎರಡನೇ ದಿನ ಅದೇ ನಟ ಅಲ್ಲಿ ಆಕಳಿಸಿ, ಮೈ ಕೆರೆದುಕೊಂಡು, ಎರಡು ಡೈಲಾಗ್ ಸೇರಿಸಿ ನಗಿಸಲು ಹೋದರು. ನಗು ಬಂತು, ಆದರೆ ಮನುಷ್ಯ ಹೋದ. ಆ ತುಣುಕನ್ನು ಮೊದಲಿನ ಹಾಗೇ ಮಾಡಿಸಿ. ಮಾಸ್ಟರ್ ಹಿರಣ್ಣಯ್ಯನವರು 'ಲಂಚಾವತಾರ'ದಲ್ಲಿ ಅಂದಂದಿನ ಸುದ್ದಿಯನ್ನು ಸೇರಿಸಿ ಮಾತಾಡುತ್ತಿದ್ದರು, ಆ ನಾಟಕ ಅದಕ್ಕೆಂದೇ ಕಟ್ಟಿದ್ದು. ನಿಮ್ಮದು ಹಾಗಲ್ಲ. ಮನೆಯೊಳಗಿನ ನಾಟಕದಲ್ಲಿ ಒಬ್ಬರು ಸಭೆಯ ಕಡೆ ತಿರುಗಿ ಮಾತಾಡಿದರೆ ಮನೆಯ ಗೋಡೆಯೇ ಬೀಳುತ್ತದೆ.

ಕೆಲಸದ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಬ್ಯಾಗ್ ಕೆಳಗಿಡುವ ದೃಶ್ಯದಲ್ಲಿ ಎರಡನೇ ದಿನ ನಗು ಅರ್ಧಕ್ಕೇ ನಿಂತಿತು. ಕಾರಣ, ಹೆಂಡತಿ ಕುಂಕುಮದ ಬಟ್ಟಲು ಹಿಡಿದು ಬೇಗ ಬಂದು ಮಾತು ಶುರು ಮಾಡಿದರು. ಮುಂದಿನ ಮಾತು ಕೇಳಿಸಬೇಕು ಅಂತ ಜನ ನಗುವನ್ನು ನುಂಗಿಕೊಂಡರು. ನಗು ಏರಿ, ತುದಿ ಮುಟ್ಟಿ, ಇಳಿಯಲು ಶುರುವಾದಾಗ ಬರಬೇಕು. ಪೂರ್ತಿ ನಿಂತ ಮೇಲೂ ಅಲ್ಲ. ಅಲ್ಲಿಯವರೆಗೆ ಗಂಡನ ಪಾತ್ರದವರು ಕಲ್ಲಿನಂತೆ ನಿಂತು ಬ್ಯಾಗನ್ನೇ ನೋಡುತ್ತಿರಲಿ. ಹಾಗೇ, ದೊಡ್ಡ ನಗುವಿನ ಹಿಂದೆಯೇ ಕಥೆಗೆ ಬೇಕಾದ ಮಾತು ಇಡಬೇಡಿ. ಮನೆ ಮಾಲೀಕರು ಬಾಡಿಗೆ ಏರಿಸುವ ವಿಷಯ ನಗುವಿನಲ್ಲಿ ಮುಳುಗಿ ಯಾರಿಗೂ ಕೇಳಿಸಲಿಲ್ಲ.

ಮೂರನೇ ಪ್ರಯೋಗಕ್ಕೆ ತಂಡದ ಒಬ್ಬರನ್ನು ಹಿಂದಿನ ಸಾಲಿನಲ್ಲಿ ಸ್ಕ್ರಿಪ್ಟ್ ಮತ್ತು ಪೆನ್ಸಿಲ್ ಕೊಟ್ಟು ಕೂರಿಸಿ. ದೊಡ್ಡ ನಗು, ಸಣ್ಣ ನಗು, ಕೆಮ್ಮು, ಕುರ್ಚಿ ಸದ್ದು, ಗಾಢ ಮೌನ, ಎಲ್ಲಕ್ಕೂ ಒಂದೊಂದು ಗುರುತು ಇಟ್ಟುಕೊಂಡು ಆ ಸಾಲಿನ ಪಕ್ಕದಲ್ಲೇ ಹಾಕುತ್ತಾ ಹೋಗಲಿ. ಮೂರು ನಾಲ್ಕು ಪ್ರಯೋಗದ ಗುರುತು ಒಟ್ಟಿಗೆ ಇಟ್ಟು ನೋಡಿದರೆ ತಪ್ಪು ನಾಟಕದ್ದಾ, ಆ ದಿನದ್ದಾ ಅಂತ ತಿಳಿಯುತ್ತದೆ. ಮೊದಲ ಪ್ರಯೋಗದ ನಗುವನ್ನು ಮಾತ್ರ ಪೂರ್ತಿ ನಂಬಬೇಡಿ. ಬಂದವರಲ್ಲಿ ಬಹಳ ಜನ ನಿಮ್ಮ ಬಳಗದವರೇ, ಪರಿಚಯದ ಮುಖ ಕಂಡರೇ ನಗುತ್ತಾರೆ. ಜನ ಕಡಿಮೆ ಇದ್ದರೆ ಅಲ್ಲಲ್ಲಿ ಚದುರಿ ಕೂರಲು ಬಿಡಬೇಡಿ, ಕೈ ಮುಗಿದು ಮುಂದೆ ಕರೆದು ಒತ್ತಾಗಿ ಕೂರಿಸಿ. ಪಕ್ಕದವರು ನಕ್ಕರೆ ಮಾತ್ರ ನಗುವವರು ಬಹಳ. ತಡವಾಗಿ ಬಂದವರನ್ನು ಮೊದಲ ದೃಶ್ಯ ಮುಗಿಯುವ ತನಕ ಹೊರಗೆ ನಿಲ್ಲಿಸಿ. ಬೆಂಗಳೂರಿನ ರಂಗಶಂಕರ ರಂಗಮಂದಿರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದೇ ಇಲ್ಲ, ಜನ ಅದಕ್ಕೆ ಹೊಂದಿಕೊಂಡಿದ್ದಾರೆ.

ಅಭಿಪ್ರಾಯವನ್ನು ಅಂದೇ ರಾತ್ರಿ ಬಾಗಿಲಲ್ಲಿ ನಿಂತು ಕೇಳಬೇಡಿ. ಎಲ್ಲರೂ 'ಚೆನ್ನಾಗಿತ್ತು' ಅಂದು ಬಸ್ಸಿಗೆ ಓಡುತ್ತಾರೆ. ಹೆಗ್ಗೋಡಿನ ನೀನಾಸಂ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕದ ಬಗ್ಗೆ ಮಾರನೇ ದಿನ ಕೂತು ಮಾತಾಡುತ್ತಾರೆ. ಒಂದು ರಾತ್ರಿ ಕಳೆದ ಮೇಲೂ ನೆನಪಿನಲ್ಲಿ ಉಳಿದದ್ದೇ ನಿಮಗೆ ಬೇಕಾದ ಉತ್ತರ. ಹತ್ತು ಜನರಿಗೆ ಮಾರನೇ ದಿನ ಫೋನ್ ಮಾಡಿ, 'ಯಾವ ದೃಶ್ಯ ನೆನಪಿದೆ?' ಅಂತ ಅಷ್ಟೇ ಕೇಳಿ.

ಆ ಹಿರಿಯರ ಗುರುತು ಸಿಕ್ಕರೆ, ಸಂಘಟಕರನ್ನು ಕೇಳಿ, ಮನೆಗೆ ಹೋಗಿ ಮಾತಾಡಿಸಿ ಬನ್ನಿ. ಸಮರ್ಥನೆ ಕೊಡಲು ಹೋಗಬೇಡಿ. ದೊಡ್ಡಪ್ಪನ ಪಾತ್ರದವರನ್ನು ಕರೆದುಕೊಂಡು ಹೋಗಿ, ಆ ಹಿರಿಯರು ಹೇಗೆ ಕೂರುತ್ತಾರೆ, ಏಳುತ್ತಾರೆ, ಕಾಫಿ ಕೊಟ್ಟರೆ ಹೇಗೆ ತೆಗೆದುಕೊಳ್ಳುತ್ತಾರೆ, ನೋಡಿಕೊಂಡು ಬರಲಿ.

ಮೂರನೇ ಪ್ರಯೋಗದ ದಿನಾಂಕ ಇಲ್ಲೇ ಹಾಕಿ. ಪೆನ್ಸಿಲ್ ಹಿಡಿದು ಕೂರಲು ಯಾರೂ ಸಿಗದಿದ್ದರೆ ನಾನು ಬರುತ್ತೇನೆ. ಸ್ಕ್ರಿಪ್ಟ್ ಒಂದು ವಾರ ಮೊದಲೇ ಕಳಿಸಿ, ರಿಪೋರ್ಟಿನ ದೃಶ್ಯ ತಿದ್ದಿದ ಮೇಲೆ.