'ಕ' ಅಕ್ಷರಕ್ಕೆ ಬಂದಾಗ

ಮೇಷ್ಟ್ರು ಮೊದಲ ಸಲ ಆಪ್ತಸಲಹೆಗೆಂದು ನನ್ನ ಹತ್ತಿರ ಬಂದದ್ದು 2019ರ ಜೂನ್ ಮೊದಲ ವಾರ. ಮಳೆಗಾಲ ಇನ್ನೂ ಹಿಡಿದಿರಲಿಲ್ಲ. ಆದರೂ ಕಿಟಕಿ ಪಕ್ಕದ ಕುರ್ಚಿ ಬೇಡ ಎಂದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅರವತ್ತು ದಾಟಿದ ನಿವೃತ್ತ ಶಾಲಾ ಮಾಸ್ತರರು. ಮಡಿಕೇರಿ ಕಡೆಯ ಒಂದು ಗುಡ್ಡದಲ್ಲಿ ಎರಡು ಎಕರೆ ರೋಬಸ್ಟಾ ಕಾಫಿ, ಸಿಲ್ವರ್ ಓಕ್‌ಗೆ ಹಬ್ಬಿಸಿದ ಕರಿಮೆಣಸು, ಹೆಂಚಿನ ಮನೆ. ಮೂರು ತಲೆಮಾರಿನಿಂದ ಕ್ರೈಸ್ತರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮನೆಯೂ ಹೋಯಿತು, ಒಂದೂವರೆ ಎಕರೆ ತೋಟವೂ ಹೋಯಿತು. ಹಿಂದಿನ ದಿನ ಸಂಜೆಯೇ ನೆಂಟರ ಮನೆಗೆ ಹೋಗಿದ್ದರಿಂದ ಗಂಡ ಹೆಂಡತಿ ಉಳಿದರು. ಆಮೇಲೆ ಪರಿಹಾರ ಕೇಂದ್ರ, ಅಲ್ಲಿಂದ ಬಾಡಿಗೆ ಮನೆ.

ಕರೆದುಕೊಂಡು ಬಂದದ್ದು ಅವರ ಹೆಂಡತಿ. "ಇವರು ರಾತ್ರಿ ಮೂರು ನಾಲ್ಕು ಸಲ ಎದ್ದು ಟಾರ್ಚ್ ಹಿಡಿದು ಮಳೆ ಅಳೆಯೋಕೆ ಹೋಗ್ತಾರೆ ಮೇಡಂ. ಮಳೆ ಬಾರದ ರಾತ್ರೀಲೂ ಹೋಗ್ತಾರೆ" ಎಂದರು. ಕೊಡಗಿನ ತೋಟದವರಿಗೆ ಮಳೆ ಅಳೆಯುವುದೆಂದರೆ ಹಲ್ಲುಜ್ಜಿದ ಹಾಗೆ. ಬೆಳಿಗ್ಗೆ ಒಂದು ಸಲ ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ನೋಡಿ ಡೈರಿಯಲ್ಲಿ ಬರೆದರೆ ಮುಗಿಯಿತು. ಬಾಡಿಗೆ ಮನೆಗೆ ಮೇಷ್ಟ್ರು ಮೊದಲು ಕೊಂಡ ಸಾಮಾನು ಪಾತ್ರೆಯಲ್ಲ, ಮಳೆಮಾಪಕ.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಮುಕ್ಕಾಲು ಗಂಟೆ ಅವರ ಮಾತು ಕೇಳಿ, ಕೊನೆಗೆ ಬೈಬಲಿನ ಪ್ರಕಟನೆ ಪುಸ್ತಕದ 21ನೇ ಅಧ್ಯಾಯ ಓದಿಬಿಟ್ಟೆ. ದೇವರು ಎಲ್ಲವನ್ನೂ ಹೊಸದು ಮಾಡುವ, ಕಣ್ಣೀರು ಒರೆಸುವ ಭಾಗ. ಮೇಷ್ಟ್ರು ತಲೆ ಆಡಿಸಿದರು, ನಮಸ್ಕಾರ ಹೇಳಿ ಹೋದರು. ಮೂರು ವಾರ ಬರಲಿಲ್ಲ.

ಮತ್ತೆ ಬಂದಾಗ ಕಾರಣ ಹೇಳಿದರು. ಪ್ರಾರ್ಥನಾ ಕೂಟದ ಒಬ್ಬ ಸಹೋದರರು, ಪರಿಹಾರ ಕೇಂದ್ರದಲ್ಲೇ, "ಮಣ್ಣಿಗೆ ಯಾಕೆ ಅಳ್ತೀರಿ ಮೇಷ್ಟ್ರೇ? ಈ ಭೂಮಿ ಹೇಗೂ ಸುಟ್ಟು ಹೋಗೋದೇ. ನಮ್ಮ ಮನೆ ಮೇಲಿದೆ" ಅಂದಿದ್ದರಂತೆ. ಅಂದಿನಿಂದ ಮೇಷ್ಟ್ರು ಚರ್ಚಿನ ಸಭೆಗೆ ಹೋಗುವುದನ್ನೇ ನಿಲ್ಲಿಸಿದ್ದರು. "ನೀವೂ ಅದನ್ನೇ ಸ್ವಲ್ಪ ನಯವಾಗಿ ಹೇಳಿದ್ರಿ ಅನ್ನಿಸ್ತು" ಎಂದರು. ಕ್ಷಮೆ ಕೇಳಿದೆ. ವಚನ ಸರಿಯಾಗಿಯೇ ಇತ್ತು, ಸಮಯ ಸರಿ ಇರಲಿಲ್ಲ. ಸತ್ತ ಗೆಳೆಯ ಲಾಜರನನ್ನು ಸಮಾಧಿಯಿಂದ ಕರೆಯಲಿದ್ದ ಯೇಸು ಕೂಡ ಅದಕ್ಕೂ ಮೊದಲು ಅಲ್ಲಿ ನಿಂತು ಅತ್ತ, ಅಲ್ವಾ? ಅಷ್ಟು ಗೊತ್ತಿದ್ದೂ ನಾನು ಅವಸರ ಮಾಡಿದ್ದೆ.

ಆ ದಿನ ಕೊಟ್ಟ ಸಲಹೆ ಎರಡೇ. ನಿದ್ದೆಗೆ ವೈದ್ಯರನ್ನು ಕಾಣಬೇಕು. ಮಳೆಮಾಪಕ ದಿನಕ್ಕೆ ಒಂದೇ ಸಲ, ಬೆಳಿಗ್ಗೆ ಎಂಟಕ್ಕೆ. ರಾತ್ರಿ ಅದರ ಅಳತೆ ಗಾಜು ಹೆಂಡತಿಯ ಬೀರುವಿನಲ್ಲಿ ಇರಬೇಕು. ಮೊದಲನೆಯದಕ್ಕೆ ಒಪ್ಪಿದರು. ಎರಡನೆಯದಕ್ಕೆ ಚೌಕಾಸಿ ಮಾಡಿ ರಾತ್ರಿ ಒಂದು ಸಲ ಎಂದು ನಿಂತರು. ಸರಿ ಎಂದೆ.

ಇನ್ನೊಂದು ಕೆಲಸವನ್ನೂ ಕೊಟ್ಟೆ. ಅದು ಸಲಹೆ ಅನ್ನುವುದಕ್ಕಿಂತ ಮನೆಪಾಠ. ಬೈಬಲಿನ ಪ್ರಲಾಪಗಳು ಎಂಬ ಪುಸ್ತಕ ಬಾಬೆಲಿನವರು ಯೆರೂಸಲೇಮನ್ನು ಹಾಳು ಮಾಡಿದ ಮೇಲಿನ ಅಳು. ಅದರ ಮೊದಲ ನಾಲ್ಕು ಅಧ್ಯಾಯಗಳು ಹೀಬ್ರೂ ಅಕ್ಷರಮಾಲೆಯ ಜಾಡಿನಲ್ಲಿವೆ. ಇಪ್ಪತ್ತೆರಡು ಅಕ್ಷರ, ಒಂದೊಂದಕ್ಕೂ ಒಂದು ವಚನ. ಮೂರನೇ ಅಧ್ಯಾಯದಲ್ಲಿ ಪ್ರತಿ ಅಕ್ಷರಕ್ಕೆ ಮೂರು, ಒಟ್ಟು 66. ಐದನೇ ಅಧ್ಯಾಯದಲ್ಲೂ ವಚನ 22 ಇವೆ, ಆದರೆ ಅಕ್ಷರದ ಸರಣಿ ಇಲ್ಲ. ಕನ್ನಡದಲ್ಲಿ ಓದಿದರೆ ಇದು ಕಾಣುವುದಿಲ್ಲ. ಮೂವತ್ತು ವರ್ಷ ಮಕ್ಕಳ ಕೈಯಲ್ಲಿ ಅ ಆ ಇ ಈ ತಿದ್ದಿಸಿದ ಮನುಷ್ಯನ ಕಣ್ಣು ಮೊದಲ ಸಲ ಅರಳಿತು. "ಅಳೋದಕ್ಕೂ ಕ್ರಮ ಇಟ್ಟಿದ್ರಾ?" ಎಂದರು. ನಿಮ್ಮ ಗುಡ್ಡದ ಬಗ್ಗೆ ಕನ್ನಡ ಅಕ್ಷರಮಾಲೆಯಲ್ಲಿ ಬರೆದು ತನ್ನಿ, ದೇವರಿಗೇ ಬರೆಯಿರಿ, ಮುಲಾಜು ಬೇಡ ಎಂದೆ.

ಎರಡು ವಾರಕ್ಕೆ ಸ್ವರಗಳು ಮುಗಿದವು. ಅ, ಅಂಗಳ. ಆ, ಆಕಳು. ಇ, ಇಂಗುಗುಂಡಿ, ತಾವೇ ತೋಡಿಸಿದ್ದು. 'ಋ'ಗೆ ಏನೂ ಸಿಗದೆ ಒದ್ದಾಡಿ, ಕೊನೆಗೆ 'ಋಣ' ಎಂದು ಬರೆದಿದ್ದರು. ನನ್ನೆದುರೇ ಮುಂದುವರಿಸಲು ಕೂತರು. 'ಕ' ಅಕ್ಷರಕ್ಕೆ ಬಂದಾಗ ಪೆನ್ನು ಕೆಳಗಿಟ್ಟರು. ನಾನು ಕಾಫಿ ಎಂದು ಬರೆಯುತ್ತಾರೆ ಅಂದುಕೊಂಡಿದ್ದೆ. "ಕಣ" ಎಂದರು. ಮತ್ತೆ ಸುಮಾರು ಹೊತ್ತು ಮಾತಿಲ್ಲ.

ಗುಡ್ಡ ಕುಸಿಯುವ ಎರಡು ವರ್ಷ ಮೊದಲು, ಕಾಫಿ ಒಣಗಿಸುವ ಕಣ ದೊಡ್ಡದಾಗಲಿ ಎಂದು ಮನೆಯ ಹಿಂದಿನ ದಿಬ್ಬವನ್ನು ಜೆಸಿಬಿಯಿಂದ ನೆಟ್ಟಗೆ ಕಡಿಸಿದ್ದರಂತೆ. ಹೆಂಡತಿ ಬೇಡ ಎಂದಿದ್ದರಂತೆ. ಹತ್ತು ತಿಂಗಳು ಈ ಒಂದು ಮಾತನ್ನು ಯಾರಿಗೂ ಹೇಳದೆ ಅವರು ಮಳೆ ಅಳೆಯುತ್ತಿದ್ದರು.

ಇಂಥ ಹೊತ್ತಿನಲ್ಲಿ "ನಿಮ್ಮ ತಪ್ಪಲ್ಲ ಬಿಡಿ" ಎನ್ನುವುದು ಬಾಯಿಗೆ ಸುಲಭ. ನಾನು ಹಾಗೆ ಹೇಳಲಿಲ್ಲ. ಹೇಳಿದ್ದರೆ ಅವರು ನಂಬುತ್ತಲೂ ಇರಲಿಲ್ಲ. ದಿಬ್ಬ ಕಡಿಸಿದ್ದು ಅವರು, ಅದು ನಿಜ. ಆ ಆಗಸ್ಟ್‌ನಲ್ಲಿ ಸುರಿದ ಮಳೆ ಅವರದ್ದಲ್ಲ. ಏನೂ ಕಡಿಯದ ಗುಡ್ಡಗಳೂ ಜಾರಿದವು, ಅದೂ ನಿಜ. ಎಷ್ಟು ಪಾಲು ಯಾವುದರದ್ದು ಎಂದು ನನಗೆ ಹೇಳಲು ಬರುವುದಿಲ್ಲ, ಮಣ್ಣು ಬಲ್ಲವರನ್ನು ಕೇಳಿ ಎಂದೆ. ಭೂವಿಜ್ಞಾನದವರು ಆ ಕಡೆ ಬಂದು ಹೋಗಿದ್ದರು. ಭಯಕ್ಕೆ ಮೇಷ್ಟ್ರು ಕೇಳಿಯೇ ಇರಲಿಲ್ಲ. ನಿಮ್ಮ ಪಾಲಿನದಕ್ಕೆ ಮೊದಲು ಹೆಂಡತಿಯ ಬಳಿ, ಆಮೇಲೆ ದೇವರ ಬಳಿ ಕ್ಷಮೆ ಕೇಳಿ ಎಂದೆ. ಆ ಕ್ರಮ ಮುಖ್ಯ. ಹೆಂಡತಿ ಏನಂದರು ಎಂದು ಮುಂದಿನ ವಾರ ಕೇಳಿದೆ. "ಆವತ್ತೇ ಗೊತ್ತಿತ್ತು, ನೀವೇ ಹೇಳ್ಲಿ ಅಂತ ಕಾದೆ ಅಂದ್ಲು" ಎಂದರು.

ಪೌಲನು ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯವನ್ನು ಆಗ ತೆಗೆದೆವು. ಸೃಷ್ಟಿ ತನ್ನ ಇಷ್ಟದಿಂದ ಈ ಸ್ಥಿತಿಗೆ ಬಂದದ್ದಲ್ಲ, ಅದು ನರಳುತ್ತಿದೆ, ಹೆರಿಗೆ ನೋವು ತಿನ್ನುತ್ತಿದೆ ಎನ್ನುತ್ತಾನೆ ಪೌಲ. ಸಾವಿನ ನರಳಾಟ ಅನ್ನಲಿಲ್ಲ, ಹೆರಿಗೆಯದು ಅಂದ. ಮೇಷ್ಟ್ರಿಗೆ ಹಿಡಿಸಿದ್ದು ಬೇರೆ ಮಾತು. "ಹಾಗಾದ್ರೆ ಗುಡ್ಡ ನನ್ನ ಮೇಲೆ ಸಿಟ್ಟಿಗೆ ಬಿದ್ದಿದ್ದಲ್ಲ. ಅದಕ್ಕೂ ನೋವು."

ಆ ಸಹೋದರರು ಹೇಳಿದ್ದರ ಬಗ್ಗೆಯೂ ಮಾತಾಡಿದೆವು. ಬೆಂಕಿಯ ಮಾತು ಪೇತ್ರನ ಎರಡನೇ ಪತ್ರದ 3ನೇ ಅಧ್ಯಾಯದಲ್ಲಿದೆ, ಸುಳ್ಳಲ್ಲ. ಆದರೆ ಅದಕ್ಕೂ ಮೊದಲು ಪೇತ್ರ ಜಲಪ್ರಳಯದ ನೆನಪು ತೆಗೆಯುತ್ತಾನೆ, ಆಗಿನ ಲೋಕ ನೀರಿನಿಂದ ನಾಶವಾಯಿತು ಎನ್ನುತ್ತಾನೆ. ನೋಹ ನಾವೆಯಿಂದ ಇಳಿದು ಕಾಲಿಟ್ಟದ್ದು ಯಾವ ಮಣ್ಣಿನ ಮೇಲೆ? ಅದೇ ಮಣ್ಣು. ಅಲ್ಲೇ ದ್ರಾಕ್ಷಿ ನೆಟ್ಟ. ಇದನ್ನು ಬೇರೆ ರೀತಿ ಓದುವ ಕ್ರೈಸ್ತರು ಬೇಕಾದಷ್ಟಿದ್ದಾರೆ. ನಾನು ಹೀಗೆ ಓದುತ್ತೇನೆ: ದೇವರು ತಾನು ಮಾಡಿದ್ದನ್ನು ಬಿಸಾಡಿ ಇನ್ನೊಂದು ತರುವವನಲ್ಲ, ಕೆಟ್ಟದ್ದನ್ನು ಸರಿ ಮಾಡುವವನು. ಪ್ರಕಟನೆಯಲ್ಲೂ ಊರು ಮೇಲಿಂದ ಕೆಳಗೆ ಇಳಿದು ಬರುತ್ತದೆ, ಜನ ಮೇಲೆ ಹೋಗುವುದಿಲ್ಲ. ಆದ್ದರಿಂದ ಮಣ್ಣಿಗೆ ಅಳುವವನು ಲೋಕದ ಆಸೆಯವನಲ್ಲ. ಅವರ ಸಭೆಯ ಪಾದ್ರಿ ಅಯ್ಯನವರಿಗೂ ಇದನ್ನು ಹೇಳಿದೆ. ಉಪದೇಶ ಬೇಡ, ಮೇಷ್ಟ್ರ ಮನೆಗೆ ಹೋಗಿ ಕಾಫಿ ಕುಡಿದು ಬನ್ನಿ ಎಂದೆ. ಅವರು ನಾಲ್ಕು ಸಲ ಹೋದರು.

ಅಷ್ಟರಲ್ಲಿ ಆಗಸ್ಟ್ ಬಂತು. ವಿರಾಜಪೇಟೆ ಕಡೆಯ ತೋರ ಎಂಬ ಊರಿನಲ್ಲಿ ಗುಡ್ಡ ಜಾರಿ ಜೀವ ಹೋದವು. ಮೇಷ್ಟ್ರು ಮತ್ತೆ ಟಾರ್ಚ್ ಹಿಡಿದರು. ನಾವು ಹಿಂದಕ್ಕೆ ಬಿದ್ದೆವು. ಆ ತಿಂಗಳು ನಾನು ಏನನ್ನೂ ಕಲಿಸಲು ಹೋಗಲಿಲ್ಲ. ಸುಮ್ನೆ ಫೋನು ಮಾಡಿ ಎಷ್ಟು ಇಂಚು ಎಂದು ಕೇಳುತ್ತಿದ್ದೆ, ಅವರು ಹೇಳುತ್ತಿದ್ದರು.

ಮಳೆ ಬಿಟ್ಟ ಮೇಲೆ ಅವರಿಗೆ ಹೊಸ ಹುರುಪು ಬಂತು. ನನಗೆ ಹೆದರಿಕೆ ಹುಟ್ಟಿಸಿದ್ದು ಅದೇ. ಬೈಬಲಿನ ಯೆರೆಮೀಯ ಪುಸ್ತಕದ 32ನೇ ಅಧ್ಯಾಯವನ್ನು ತಾವೇ ಓದಿಕೊಂಡು ಬಂದಿದ್ದರು. ಶತ್ರುಗಳು ಊರನ್ನು ಮುತ್ತಿರುವಾಗ ಪ್ರವಾದಿ ಯೆರೆಮೀಯ ತನ್ನ ಊರಾದ ಅನಾತೋತಿನಲ್ಲಿ 17 ಶೆಕೆಲ್ ಬೆಳ್ಳಿ ಕೊಟ್ಟು ಹೊಲ ಕೊಳ್ಳುತ್ತಾನೆ. "ನಿರೀಕ್ಷೆ ಅಂದ್ರೆ ಇದಲ್ವಾ ಮೇಡಂ? ನಾನೂ ಅದೇ ಜಾಗದಲ್ಲಿ ಮನೆ ಕಟ್ತೇನೆ." ಅಲ್ಲಿ ಮನೆ ಬೇಡ ಎಂದು ಅಧಿಕಾರಿಗಳು ಆಗಲೇ ಹೇಳಿದ್ದರು.

ಈ ಸಲ ನಾನು ನೇರವಾಗಿ ಬೇಡ ಎಂದೆ. ಯೆರೆಮೀಯ ಹೊಲ ಕೊಂಡ, ಅಲ್ಲಿಗೆ ಹೋಗಿ ಗುಡಿಸಲು ಹಾಕಲಿಲ್ಲ. ಕ್ರಯಪತ್ರವನ್ನು ಮಣ್ಣಿನ ಪಾತ್ರೆಯಲ್ಲಿ ಇಡಿಸಿದ, ಬಹಳ ದಿನ ಉಳಿಯಲಿ ಎಂದು. ನೀವೂ ಜಾಗ ಮಾರಬೇಡಿ, ಪಹಣಿ ಜೋಪಾನ ಮಾಡಿ. ಕುಸಿದ ಕಡೆ ಗುದ್ದಲಿಯನ್ನೂ ಹಾಕಬೇಡಿ, ಯಂತ್ರವನ್ನೂ ತರಬೇಡಿ. ಹುಲ್ಲು, ಕಾಡುಗಿಡ ಏನು ಬರುತ್ತದೋ ಬರಲಿ. ಉಳಿದ ಅರ್ಧ ಎಕರೆ ತೋಟ ನೋಡಿಕೊಳ್ಳಿ, ಬಿಸಿಲಿರುವಾಗ ಮಾತ್ರ ಹೋಗಿ. ಮನೆ ಬೇರೆ ಕಡೆ ಮಾಡಿ. ಮೇಷ್ಟ್ರಿಗೆ ಬೇಜಾರಾಯಿತು. ಹೆಂಡತಿ ಮಾತ್ರ ಆ ವಾರವೇ ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಉಪ್ಪಿನಕಾಯಿ ಭರಣಿಯಲ್ಲಿ ಇಟ್ಟರಂತೆ. ಆಮೇಲೆ ಮೇಷ್ಟ್ರಿಗೂ ನಗು ಬಂತಂತೆ.

ಕೊನೆಯ ಭೇಟಿಯಲ್ಲಿ ಒಂದು ಪ್ರಶ್ನೆ ಕೇಳಿದರು. "ಹೊಸ ಭೂಮಿಯಲ್ಲಿ ನಮ್ಮ ಗುಡ್ಡದ ಮೇಲೆ ಕುಸಿತದ ಆ ಕೆಂಪು ಗೀರು ಇರುತ್ತಾ?" ಗೊತ್ತಿಲ್ಲ ಎಂದೆ. ಸತ್ತು ಎದ್ದ ಯೇಸು ಶಿಷ್ಯ ತೋಮನಿಗೆ ತೋರಿಸಿದ ಕೈಯಲ್ಲಿ ಮೊಳೆಯ ಗುರುತು ಇತ್ತು, ಇಷ್ಟು ಮಾತ್ರ ಗೊತ್ತು ಎಂದೆ. ಅವರು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅಕ್ಷರಮಾಲೆ ಅಲ್ಲಿ ಮುಗಿದಿತ್ತು. ಙ, ಞ, ಣ, ಳ ಎದುರು ಜಾಗ ಖಾಲಿ. "ಇವುಗಳಿಂದ ಪದ ಶುರುವಾಗಲ್ಲ ಮೇಡಂ, ಬಿಟ್ಟಿದ್ದೇನೆ."

ಮುಂದಿನ ಮಾರ್ಚ್‌ನಲ್ಲಿ, ಕಾಫಿ ಹೂ ಅರಳಿಸುವ ಮಳೆಯ ಕಾಲದಲ್ಲಿ, ಒಂದು ಬೆಳಿಗ್ಗೆ ಎಂಟು ಹತ್ತಕ್ಕೆ ಅವರ ಮೆಸೇಜ್ ಬಂತು: "ಹೂಮಳೆ. 1 ಇಂಚು 20 ಸೆಂಟ್. ರಾತ್ರಿ ಬಂದದ್ದು ಗೊತ್ತೇ ಆಗಲಿಲ್ಲ."